ಶಿಬಿರಕ್ಕೆ ಬಂದವರ ಲೆಕ್ಕ ಸಾಕು, ಚಿಕಿತ್ಸೆ ಮುಗಿಸಿದವರ ಲೆಕ್ಕ ಕೊಡಿ: ಕ್ಯಾನ್ಸರ್ ಕೆಲಸಕ್ಕೆ ಹಣ ಕೊಡುವ ಕಂಪನಿಗಳಿಗೂ ಅದನ್ನು ಖರ್ಚು ಮಾಡುವ ಸಂಸ್ಥೆಗಳಿಗೂ ಬಹಿರಂಗ ಪತ್ರ

ಕರ್ನಾಟಕದಲ್ಲಿ ಕ್ಯಾನ್ಸರ್ ಯೋಜನೆಗಳಿಗೆ ಹಣ ನೀಡುತ್ತಿರುವ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಸಮಿತಿಗಳ ಸದಸ್ಯರಿಗೆ ಮತ್ತು ಅವುಗಳ ಜೊತೆ ಕೈಜೋಡಿಸಿರುವ ಟ್ರಸ್ಟು, ಸಂಘ-ಸಂಸ್ಥೆಗಳ ಮುಖ್ಯಸ್ಥರಿಗೆ

ಮಾನ್ಯರೇ,

ಫೆಬ್ರುವರಿ 4 ವಿಶ್ವ ಕ್ಯಾನ್ಸರ್ ದಿನ, ಮಾರ್ಚ್ 8 ಮಹಿಳಾ ದಿನ, ಮಾರ್ಚ್ 31 ಹಣಕಾಸು ವರ್ಷದ ಕೊನೆ. ತಪಾಸಣಾ ಶಿಬಿರಗಳು ಮುಗಿಬೀಳುವುದು ಈ ಎಂಟು ವಾರಗಳಲ್ಲೇ. ಕಲ್ಯಾಣ ಮಂಟಪದ ಮುಂದೆ ಶಾಮಿಯಾನ, ಬ್ಯಾನರು, ಇನ್ನೂರು ಮುನ್ನೂರು ಹೆಂಗಸರು, ಒಂದು ಮ್ಯಾಮೊಗ್ರಫಿ (ಸ್ತನದ ಎಕ್ಸ್-ರೇ) ಬಸ್ಸು, ಸಂಜೆಗೆ ಗ್ರೂಪ್ ಫೋಟೊ. ವರದಿಯಲ್ಲಿ ‘ಫಲಾನುಭವಿಗಳ ಸಂಖ್ಯೆ’ ಎಂಬ ಕಾಲಂ ತುಂಬುತ್ತದೆ. ಅವರಲ್ಲಿ ಅನುಮಾನ ಬಂದವರು ಏಪ್ರಿಲ್ ಹೊತ್ತಿಗೆ ಎಲ್ಲಿದ್ದಾರೆ, ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಮಾಡುವ ಪರೀಕ್ಷೆ) ಆಯಿತೇ, ಆಗಿದ್ದರೆ ರಿಪೋರ್ಟ್ ಕೈಗೆ ಬಂತೇ ಎಂದು ಕೇಳುವ ಕಾಲಂ ಅಲ್ಲಿರುವುದಿಲ್ಲ.

ವಿಕಿರಣ ಚಿಕಿತ್ಸೆ, ಪೆಥಾಲಜಿ (ಅಂಗಾಂಶ ಪರೀಕ್ಷೆ), ನರ್ಸಿಂಗ್, ವೈದ್ಯಕೀಯ ಸಮಾಜಕಾರ್ಯ ವಿಭಾಗಗಳಲ್ಲಿ ದುಡಿಯುವ ನಾವು ಕೇಳುವುದು ಒಂದನ್ನೇ. ನಿಮ್ಮ ಒಪ್ಪಂದಗಳು ತಪಾಸಣೆಗೆ ಬಂದವರ ಬದಲು ಚಿಕಿತ್ಸೆ ಪೂರ್ತಿ ಮುಗಿಸಿದವರನ್ನು ಎಣಿಸಲಿ. ಹಣವೂ ಆ ಲೆಕ್ಕವನ್ನೇ ಹಿಂಬಾಲಿಸಲಿ.

ಕ್ಯಾನ್ಸರ್ ಬಂದ ಮೇಲೆ ಯಾರು ಬದುಕುತ್ತಾರೆ ಎಂಬುದು ಕಾಯಿಲೆಯಷ್ಟೇ ವಿಳಾಸವನ್ನೂ ಅವಲಂಬಿಸಿದೆ. ದೇಶದ 11 ಕ್ಯಾನ್ಸರ್ ನೋಂದಣಿ ಕೇಂದ್ರಗಳ ಮಾಹಿತಿ ಇಟ್ಟುಕೊಂಡು 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸ್ತನ ಕ್ಯಾನ್ಸರ್ ಪತ್ತೆಯಾದ ಐದು ವರ್ಷಗಳ ನಂತರ ಬದುಕಿರುವವರ ಪ್ರಮಾಣ ಸರಾಸರಿ ಶೇ. 66. ಮಿಜೋರಾಂನಲ್ಲಿ ಅದು ಸುಮಾರು ಶೇ. 75, ಅರುಣಾಚಲದ ಪಾಸಿಘಾಟ್‌ನಲ್ಲಿ ಸುಮಾರು ಶೇ. 42. ಗಡ್ಡೆ ಸ್ತನದಲ್ಲಷ್ಟೇ ಇದ್ದಾಗ ಬಂದವರಲ್ಲಿ ಶೇ. 81, ದೇಹದ ಬೇರೆ ಕಡೆ ಹರಡಿದ ಮೇಲೆ ಬಂದವರಲ್ಲಿ ಶೇ. 18. ಈ ನಡುವಿನ ಅಂತರವೇ ನಿಮ್ಮ ಹಣ ಕೆಲಸ ಮಾಡಬೇಕಾದ ಜಾಗ.

ತಪಾಸಣೆ ಬೇಡ ಎಂದು ನಾವು ಹೇಳುತ್ತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ ಒಮ್ಮೆಯಾದರೂ ಆಗಿದ್ದವರು ದೇಶದಲ್ಲಿ ಶೇ. 1.9 ಮಾತ್ರ. ಸ್ತನ, ಬಾಯಿ ಪರೀಕ್ಷೆ ಆದವರು ಶೇ. 1ಕ್ಕೂ ಕಡಿಮೆ. ಆದರೆ ಫೆಬ್ರುವರಿ-ಮಾರ್ಚ್‌ನಲ್ಲಿ ರಾಯಚೂರು, ಬಳ್ಳಾರಿ ಕಡೆ ಮೆಣಸಿನಕಾಯಿ ಬಿಡಿಸುವ ಕೆಲಸ ಇರುತ್ತದೆ. ಕೂಲಿಗೆ ಹೋಗುವ ಹೆಂಗಸು ಒಂದು ದಿನದ ದುಡಿಮೆ ಬಿಟ್ಟು ಶಿಬಿರಕ್ಕೆ ಬರುವುದಿಲ್ಲ. ಬರುವವರು ಊರಲ್ಲೇ ಇರುವವರು, ಹೋದ ವರ್ಷವೂ ಬಂದಿದ್ದವರು. ಹೀಗೆ ತಪಾಸಣೆಯೇ ಅಸಮಾನತೆಯನ್ನು ಇನ್ನಷ್ಟು ಹಿಗ್ಗಿಸುವುದುಂಟು.

ಮ್ಯಾಮೊಗ್ರಫಿ ಬಸ್ಸಿನ ಬಗ್ಗೆ ನೇರವಾಗಿಯೇ ಹೇಳುತ್ತೇವೆ: ಹಳ್ಳಿಗೆ ಮೊದಲು ಬೇಕಾದದ್ದು ಅದಲ್ಲ. ಎಳೆಯ ವಯಸ್ಸಿನವರ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಚಿತ್ರದಲ್ಲಿ ಗಡ್ಡೆ ಮುಚ್ಚಿಹೋಗುತ್ತದೆ. ಮುಂಬೈನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಇಪ್ಪತ್ತು ವರ್ಷ ನಡೆಸಿದ ಪ್ರಯೋಗದಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30ರಷ್ಟು ಇಳಿಯಿತು. ಚಿಕ್ಕ ವಯಸ್ಸಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಬಸ್ಸಿನ ದುಡ್ಡಿನಲ್ಲಿ ಎಷ್ಟು ಮಂದಿ ಸಮುದಾಯ ಆರೋಗ್ಯಾಧಿಕಾರಿಗಳಿಗೆ ಕೈ ಪಳಗುವಷ್ಟು ತರಬೇತಿ ಕೊಡಬಹುದು ಎಂದು ಒಮ್ಮೆ ಲೆಕ್ಕ ಹಾಕಿ.

ಗರ್ಭಕೊರಳಿಗೆ ಅಸಿಟಿಕ್ ಆ್ಯಸಿಡ್ ದ್ರಾವಣ ಹಚ್ಚಿ ಬಿಳಿ ಮಚ್ಚೆ ಏಳುತ್ತದೆಯೇ ಎಂದು ಕಣ್ಣಿನಿಂದಲೇ ನೋಡುವ ವಿಐಎ ಪರೀಕ್ಷೆ ಅಗ್ಗದ್ದು. ಅದೇ ಆಸ್ಪತ್ರೆಯವರು ಮುಂಬೈ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರಲ್ಲಿ ನಡೆಸಿದ ಅಧ್ಯಯನದಲ್ಲಿ, ವೈದ್ಯರಿಲ್ಲದೆ ಆರೋಗ್ಯ ಕಾರ್ಯಕರ್ತೆಯರೇ ಮಾಡಿದ ಈ ಪರೀಕ್ಷೆಯಿಂದ ಗರ್ಭಕೊರಳಿನ ಕ್ಯಾನ್ಸರ್ ಸಾವು ಶೇ. 31ರಷ್ಟು ತಗ್ಗಿತು. ವಿಧಾನ ಸರಳ, ಕೆಡುವ ದಾರಿ ಮಾತ್ರ ಹಲವು. 5 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆ್ಯಸಿಡ್ಡನ್ನು 95 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಬೆರೆಸಿ ಅಂದಂದಿನ ದ್ರಾವಣ ಅಂದಂದೇ ಮಾಡಿಕೊಳ್ಳಬೇಕು. ಬೆರೆಸದ ಆ್ಯಸಿಡ್ ತಾಗಿದರೆ ಒಳಗೆ ಸುಡುತ್ತದೆ, ಹಾಗಾಗಿ ಬಾಟಲಿಗೆ ದೊಡ್ಡ ಅಕ್ಷರದ ಲೇಬಲ್ ಕಡ್ಡಾಯ. ಹಚ್ಚಿದ ಮೇಲೆ ಪೂರ್ತಿ ಒಂದು ನಿಮಿಷ ಕಾಯಬೇಕು. ಸಾಲು ಉದ್ದವಿದ್ದಾಗ ಈ ನಿಮಿಷವೇ ಮೊದಲು ಮಾಯವಾಗುತ್ತದೆ. ಬಿಳಿ ಮಚ್ಚೆ ಕಾಣಲು ಪ್ರಖರ ಬೆಳಕು ಬೇಕು, ಮೊಬೈಲ್ ಟಾರ್ಚ್ ಸಾಲದು. ಮುಟ್ಟು ನಿಂತ ಮಹಿಳೆಯರಲ್ಲಿ ನೋಡಬೇಕಾದ ಭಾಗ ಒಳಗೆ ಸರಿದಿರುತ್ತದೆ. ಅವರಿಗೆ ಈ ಕ್ಯಾನ್ಸರ್ ತರುವ ವೈರಸ್ ಹುಡುಕುವ ಎಚ್‌ಪಿವಿ ಪರೀಕ್ಷೆಯೇ ಸರಿ.

ಇದಕ್ಕಿಂತ ದೊಡ್ಡ ಸೋರಿಕೆ ಪಾಸಿಟಿವ್ ಬಂದ ಮೇಲೆ. ‘ಜಿಲ್ಲಾ ಆಸ್ಪತ್ರೆಗೆ ಹೋಗಿ’ ಎಂದು ಚೀಟಿ ಬರೆದು ಕೊಟ್ಟರೆ ಎಷ್ಟೋ ಮಂದಿ ಹೋಗುವುದಿಲ್ಲ. ಬ್ಯಾಟರಿಯಲ್ಲಿ ನಡೆಯುವ, ಕೈಯಲ್ಲಿ ಹಿಡಿಯುವ, ಮಚ್ಚೆಯನ್ನು ಶಾಖದಿಂದ ಸುಡುವ ಥರ್ಮಲ್ ಅಬ್ಲೇಶನ್ ಯಂತ್ರ ಅಲ್ಲೇ ಇದ್ದರೆ, ಮಚ್ಚೆಯ ಅಂಚು ಪೂರ್ತಿ ಕಾಣುತ್ತಿದ್ದು ಕ್ಯಾನ್ಸರಿನ ಅನುಮಾನವಿಲ್ಲದಿದ್ದರೆ, ಅದೇ ದಿನ ಸುಮಾರು 100 ಡಿಗ್ರಿ ಶಾಖದಲ್ಲಿ ಅರ್ಧ ನಿಮಿಷದ ಆಸುಪಾಸಿನಲ್ಲಿ ಚಿಕಿತ್ಸೆ ಮುಗಿಯುತ್ತದೆ. ಅಂಚು ಒಳಗೆ ಹೋಗಿದ್ದರೆ ಅಥವಾ ಮುಟ್ಟಿದರೆ ರಕ್ತ ಬರುವ ಹುಣ್ಣಿದ್ದರೆ ಸುಡಬಾರದು, ಬಯಾಪ್ಸಿಯೇ ಆಗಬೇಕು. ಅಬ್ಲೇಶನ್ ಯಂತ್ರವಿಲ್ಲದ ಗರ್ಭಕೊರಳಿನ ಶಿಬಿರಕ್ಕೆ ಹಣ ಮಂಜೂರು ಮಾಡಬೇಡಿ.

ಇನ್ನು ಬಯಾಪ್ಸಿ. ಸಿಎಸ್‌ಆರ್ ವರದಿಗಳಲ್ಲಿ ಹುಡುಕಿದರೂ ಸಿಗದ, ಆದರೆ ಬಡವರ ಹಣೆಬರಹ ಬರೆಯುವ ಹಂತ ಇದು. ಸ್ತನದ ಗಡ್ಡೆಯ ತುಣುಕು ತೆಗೆದ ಒಂದು ಗಂಟೆಯೊಳಗೆ ಅಂಗಾಂಶ ಕೆಡದಂತೆ ಕಾಯುವ ಶೇ. 10ರ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ದ್ರಾವಣ ತುಣುಕಿನ ಹತ್ತು ಪಟ್ಟಾದರೂ ಇರಬೇಕು. ಅದರಲ್ಲಿ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ. ತಾಲ್ಲೂಕಿನಲ್ಲಿ ಆಗುವುದೇನು? ಫಾರ್ಮಲಿನ್ ಖಾಲಿಯಾಗಿದೆ ಎಂದು ಸಲೈನಿನಲ್ಲಿ ಹಾಕುತ್ತಾರೆ, ಅಂಗಾಂಶ ಕೊಳೆಯುತ್ತದೆ. ಆಪರೇಶನ್ನಿನಲ್ಲಿ ತೆಗೆದ ದೊಡ್ಡ ಗಡ್ಡೆಯನ್ನು ಕೊಯ್ಯದೆ ಇಕ್ಕಟ್ಟಾದ ಡಬ್ಬಿಗೆ ತುರುಕುತ್ತಾರೆ, ಹೊರಪದರ ಗಟ್ಟಿಯಾಗಿ ನಡುವಿನದು ಹಾಳಾಗುತ್ತದೆ. ಡಬ್ಬಿಯ ಮೇಲೆ ಹೆಸರಿರುತ್ತದೆ, ಹೊತ್ತು ಇರುವುದಿಲ್ಲ. ಶುಕ್ರವಾರ ತೆಗೆದದ್ದನ್ನು ಮನೆಯವರೇ ಚೀಲದಲ್ಲಿಟ್ಟುಕೊಂಡು ಮಂಗಳವಾರ ಬಸ್ಸಿನಲ್ಲಿ ತರುತ್ತಾರೆ.

ಹೀಗೆ ಕೆಟ್ಟ ತುಣುಕಿನಲ್ಲಿ, ಗಡ್ಡೆ ಈಸ್ಟ್ರೋಜನ್ ಹಾರ್ಮೋನಿಗೆ ಸ್ಪಂದಿಸುತ್ತದೆಯೇ ಎಂದು ನೋಡುವ ಇಆರ್ ಪರೀಕ್ಷೆ ‘ನೆಗೆಟಿವ್’ ಎಂದು ತಪ್ಪಾಗಿ ಬರಬಹುದು. ಆಗ ಆ ರೋಗಿಗೆ ಈ ಹಾರ್ಮೋನನ್ನು ತಡೆಯುವ ಟಾಮಾಕ್ಸಿಫೆನ್ ಸಿಗುವುದಿಲ್ಲ. ದಿನಕ್ಕೆ 20 ಮಿ.ಗ್ರಾಂನ ಒಂದು ಮಾತ್ರೆ, ಐದು ವರ್ಷ. ಇಡೀ ಕ್ಯಾನ್ಸರ್ ಔಷಧಗಳಲ್ಲೇ ಅತಿ ಅಗ್ಗದವುಗಳಲ್ಲಿ ಒಂದು. ನಗರದ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿಕೊಂಡ ಮಹಿಳೆಗೆ ಸಿಕ್ಕ ಈ ಮಾತ್ರೆ ಹಳ್ಳಿಯವಳಿಗೆ ತಪ್ಪುವುದು ಡಬ್ಬಿಯಲ್ಲಿದ್ದ ದ್ರಾವಣದಿಂದ.

ಇದಕ್ಕೆ ಪರಿಹಾರವೂ ಸಣ್ಣದೇ. ಅಳತೆ ಮಾಡಿ ಫಾರ್ಮಲಿನ್ ತುಂಬಿದ ಅಗಲ ಬಾಯಿಯ ಡಬ್ಬಿಗಳು, ತುಣುಕು ತೆಗೆದ ಹೊತ್ತು ಮತ್ತು ದ್ರಾವಣಕ್ಕೆ ಹಾಕಿದ ಹೊತ್ತು ಬರೆಯಲು ಎರಡು ಖಾನೆಯ ಲೇಬಲ್ಲು, ವಾರಕ್ಕೆ ಮೂರು ಸಲ ಒಯ್ಯುವ ಕೊರಿಯರ್, ಯಾವ ಔಷಧ ಎಂದು ತೀರ್ಮಾನಿಸಲು ಬೇಕಾದ ಇಆರ್, ಪಿಆರ್, ಹರ್-2 ಪರೀಕ್ಷೆಗಳ ಶುಲ್ಕ, ಹರ್-2 ‘2+’ (ಅಸ್ಪಷ್ಟ) ಬಂದರೆ ಖಚಿತಪಡಿಸುವ ಫಿಶ್ ಪರೀಕ್ಷೆಯ ಶುಲ್ಕ, ಹತ್ತು ದಿನದೊಳಗೆ ರಿಪೋರ್ಟ್ ಕೊಡುವ ಕರಾರು. ಫಾರ್ಮಲಿನ್ ಡಬ್ಬಿಯ ಉದ್ಘಾಟನೆಗೆ ಸಚಿವರು ಬರುವುದಿಲ್ಲ, ಒಪ್ಪುತ್ತೇವೆ.

‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಇದೆಯಲ್ಲ, ನಮ್ಮ ಹಣವೇಕೆ?’ ಎಂದು ನೀವು ಕೇಳಬಹುದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30. ಯೋಜನೆ ದೊಡ್ಡದು, ನಿಜ. ಆದರೆ ಅದು ಕಟ್ಟಿಕೊಂಡಿರುವುದು ದಾಖಲಾತಿ ಮತ್ತು ಪ್ಯಾಕೇಜುಗಳ ಸುತ್ತ. ಕೇಂದ್ರದ ಪಿಎಂ-ಜೆಎವೈ (ಆಯುಷ್ಮಾನ್ ಭಾರತ್) ನಿಯಮದಲ್ಲಿ ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯಾದ ನಂತರದ 15 ದಿನದ ಖರ್ಚು ಸೇರುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಲು 3 ದಿನ ಎಲ್ಲಿ ಸಾಲುತ್ತದೆ? ಸ್ಕ್ಯಾನಿಂಗ್, ಬಯಾಪ್ಸಿ, ಸಿಟಿ ಎಲ್ಲ ಸೇರಿ ಮೂರರಿಂದ ಆರು ವಾರ ಹಿಡಿಯುವುದು ಸಾಮಾನ್ಯ. ಕಾರ್ಡಿದ್ದೂ ಕೈಯಿಂದ ದುಡ್ಡು ಹೋಗುವುದು, ಸಾಲ ಶುರುವಾಗುವುದು, ಮನೆಯವರು ‘ನಾಟಿ ಔಷಧಿ ನೋಡೋಣ’ ಎಂದು ವಾಪಸಾಗುವುದು ಈ ವಾರಗಳಲ್ಲೇ. ಸರ್ಕಾರ ಕೊಡುವುದನ್ನೇ ಮತ್ತೆ ಕೊಡಬೇಡಿ, ಈ ವಾರಗಳನ್ನು ಹಿಡಿಯಿರಿ. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದು ಕಾರ್ಡೇ ಆಗದವರು, ಮದುವೆಯಾಗಿ ಬಂದರೂ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಉಳಿದವರು, ಇವರ ಕಾಗದ ಸರಿಪಡಿಸಿಕೊಡಲು ಒಬ್ಬರು ಬೇಕು.

ಆ ಒಬ್ಬರು ಆಸ್ಪತ್ರೆಯ ಮಾರ್ಗದರ್ಶಕಿ. ಅನುಮಾನ ಬಂದ ದಿನದಿಂದ ಕೊನೆಯ ಚಿಕಿತ್ಸೆಯವರೆಗೆ ರೋಗಿಯ ಫೋನ್ ನಂಬರ್ ಇಟ್ಟುಕೊಂಡು ಬೆನ್ನು ಬೀಳುವ ಕೆಲಸ ಅವರದು. ರೋಗಿಗೆ ಸ್ವಂತ ಫೋನ್ ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯ ನಂಬರ್, ಮಗನ ನಂಬರ್ ಎರಡೂ ಬರೆದುಕೊಳ್ಳಬೇಕು. ಮಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರೆ ನಂಬರೂ ಹೋಗುತ್ತದೆ. ಈ ಹುದ್ದೆಗೆ ಸಂಬಳ ಕೇಳಿದಾಗ ‘ಆಡಳಿತ ವೆಚ್ಚ ಶೇ. 5 ಮೀರುವಂತಿಲ್ಲ’ ಎಂದು ಕಂಪನಿಗಳು ನಿರಾಕರಿಸುತ್ತವೆ. ಇದು ನಿಯಮವನ್ನು ತಪ್ಪಾಗಿ ಓದಿದ್ದರ ಫಲ. ಸಿಎಸ್‌ಆರ್ ನಿಯಮಗಳಲ್ಲಿರುವ ಶೇ. 5ರ ಮಿತಿ, ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಸಾಮಾನ್ಯ ಆಡಳಿತ ಖರ್ಚಿಗೆ. ಯೋಜನೆಯ ಅನುಷ್ಠಾನಕ್ಕೆ ನೇರವಾಗಿ ತಗಲುವ ಖರ್ಚು ಅದರೊಳಗೆ ಬರುವುದಿಲ್ಲ. ಮಾರ್ಗದರ್ಶಕಿಯ ಸಂಬಳ ಯೋಜನೆಯ ಖರ್ಚೇ. ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ ನೋಡಿ.

ಯಂತ್ರ ದಾನ ಮಾಡುವವರಿಗೆ ಕೆಲವು ಮಾತು. ಹೊರಗಿನಿಂದ ವಿಕಿರಣ ಕೊಡುವ ಲಿನಾಕ್ ಯಂತ್ರ ತಂದಿಟ್ಟ ಮಾತ್ರಕ್ಕೆ ಚಿಕಿತ್ಸೆ ಶುರುವಾಗದು. ದಪ್ಪ ಕಾಂಕ್ರೀಟಿನ ಬಂಕರ್, ಅದರ ನಕ್ಷೆಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ, ವಿಕಿರಣದ ಪ್ರಮಾಣ ಲೆಕ್ಕ ಹಾಕುವ ಮೆಡಿಕಲ್ ಫಿಸಿಸಿಸ್ಟ್, ವಿಕಿರಣ ಸುರಕ್ಷಾಧಿಕಾರಿ, ತಂತ್ರಜ್ಞರು, ಯಂತ್ರ ತಂಪಾಗಿಡುವ ಚಿಲ್ಲರ್, ಕರೆಂಟಿನ ಏರಿಳಿತ ತಡೆಯುವ ವ್ಯವಸ್ಥೆ ಎಲ್ಲ ಬೇಕು. ವಾರಂಟಿ ಮುಗಿದ ಮೇಲಿನ ನಿರ್ವಹಣಾ ಕರಾರಿಗೆ ಹಣವಿಲ್ಲದೆ ಯಂತ್ರ ನಿಂತರೆ ನಿತ್ಯ ಬರುತ್ತಿದ್ದ ರೋಗಿಗಳೆಲ್ಲ ನಡುದಾರಿಯಲ್ಲಿ. ಕೋಬಾಲ್ಟ್ ಯಂತ್ರವಾದರೆ ವಿಕಿರಣ ಸೂಸುವ ಮೂಲದ ಶಕ್ತಿ 5.27 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ, ಒಬ್ಬೊಬ್ಬರಿಗೆ ಹಿಡಿಯುವ ಸಮಯ ಇಮ್ಮಡಿಯಾಗುತ್ತದೆ, ಸಾಲು ಬೆಳೆಯುತ್ತದೆ. ಗರ್ಭಕೊರಳಿಗೆ ಒಳಗಿನಿಂದ ವಿಕಿರಣ ಕೊಡುವ ಬ್ರ್ಯಾಕಿಥೆರಪಿಯ ಇರಿಡಿಯಂ ಇನ್ನೂ ಅವಸರದ್ದು: 74 ದಿನಕ್ಕೆ ಅರ್ಧ. ಮೂರು-ನಾಲ್ಕು ತಿಂಗಳಿಗೊಮ್ಮೆ ಹೊಸ ಮೂಲ ತರಿಸಬೇಕು. ಯಂತ್ರಕ್ಕೆ ಹಣ ಕೊಟ್ಟು ಮೂಲಕ್ಕೆ ಕೊಡದಿದ್ದರೆ ಆಗುವುದಿಷ್ಟು: ಹೊರಗಿನಿಂದ ಕೊಡುವ ವಿಕಿರಣದ 25 ಸುತ್ತು ಮುಗಿಸಿದ ಮಹಿಳೆ ಒಳಗಿನ ವಿಕಿರಣಕ್ಕೆ ಕಾಯುತ್ತಾ ಕೂರುತ್ತಾಳೆ. ಒಟ್ಟು ಚಿಕಿತ್ಸೆ 56 ದಿನದೊಳಗೆ ಮುಗಿಯಬೇಕು. ಆಮೇಲೆ ತಡವಾದ ಒಂದೊಂದು ದಿನಕ್ಕೂ ಕಾಯಿಲೆ ಹತೋಟಿಗೆ ಬರುವ ಸಾಧ್ಯತೆ ಕುಗ್ಗುತ್ತದೆ.

ಆ ಎಂಟು ವಾರ ಆಕೆ ಉಳಿಯುವುದೆಲ್ಲಿ, ಊಟವೇನು, ಮನೆ ನಡೆಯುವುದು ಹೇಗೆ? ಬೀದರಿನಿಂದ ಬೆಂಗಳೂರು 600 ಕಿಲೋಮೀಟರಿಗೂ ದೂರ. ನರೇಗಾ ಕೂಲಿ ಕರ್ನಾಟಕದಲ್ಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ವಾರಕ್ಕೆ ಆರು ದಿನದಂತೆ ಎಂಟು ವಾರಕ್ಕೆ 17,760. ಜೊತೆಗೆ ಬಂದವರದೂ ಸೇರಿದರೆ 35,520. ಚಿಕಿತ್ಸೆ ‘ಉಚಿತ’ವಾಗಿದ್ದಾಗಲೂ ಕುಟುಂಬ ತೆರುವ ಬೆಲೆ ಇದು. ವಾಪಸ್ ಊರಿಗೆ ಹೋದ ರೋಗಿಯನ್ನು ‘ಅರ್ಧಕ್ಕೆ ಬಿಟ್ಟವರು’ ಎಂದು ಬರೆದುಕೊಳ್ಳುತ್ತೇವೆ, ಬಿಡಿಸಿದ್ದು ಈ ಲೆಕ್ಕ. ಮಕ್ಕಳ ಕ್ಯಾನ್ಸರಿನಲ್ಲಿ ಸೇಂಟ್ ಜೂಡ್ ಇಂಡಿಯಾ ಸಂಸ್ಥೆ 2006ರಿಂದ ಮಾಡುತ್ತಿರುವುದು ಇದನ್ನೇ. ಮಗುವಿನ ಜೊತೆ ತಂದೆ-ತಾಯಿಗೂ ಉಳಿಯಲು ಜಾಗ, ಅಡುಗೆಮನೆ, ಓಡಾಟ ಕೊಡುತ್ತದೆ. ದೊಡ್ಡವರಿಗೂ ಇದು ಬೇಕು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್, ತ್ರೀ ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗಾರರಿಗೆ ಶೇ. 75. ಆಸ್ಪತ್ರೆ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬೇಕು ಅಷ್ಟೆ, ಅದನ್ನು ಕೇಳಬೇಕೆಂದು ಗೊತ್ತಿರುವವರು ಕಡಿಮೆ.

ವಿಕಿರಣದ ಸುತ್ತುಗಳನ್ನೇ ಕಡಿಮೆ ಮಾಡುವ ದಾರಿಯೂ ಇದೆ. ಸ್ತನ ಕ್ಯಾನ್ಸರಿಗೆ 25 ಸುತ್ತಿನ ಜಾಗದಲ್ಲಿ 15 ಸುತ್ತು ಈಗ ಒಪ್ಪಿತ ಪದ್ಧತಿ, ಆಯ್ದ ರೋಗಿಗಳಿಗೆ ಒಂದೇ ವಾರದ 5 ಸುತ್ತು ಕೂಡ. ಇದಕ್ಕೆ ಬೇಕಾದದ್ದು ನಿಖರವಾದ ಯೋಜನೆ ಹಾಕುವ ಸಾಫ್ಟ್‌ವೇರ್, ವಿಕಿರಣ ಬೀಳಬೇಕಾದ ಜಾಗ ಗುರುತಿಸುವ ಸಿಟಿ ಸಿಮ್ಯುಲೇಟರ್, ನುರಿತ ಫಿಸಿಸಿಸ್ಟ್. ಕೀಮೋ ಕೂಡ ಊರ ಹತ್ತಿರ ಬರುತ್ತಿದೆ. ರಾಜ್ಯ ಸರ್ಕಾರ 2025ರಲ್ಲಿ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ (ಅದೇ ದಿನ ಮನೆಗೆ ಹೋಗಬಹುದಾದ) ಕೀಮೋ ಕೇಂದ್ರ ಶುರುಮಾಡಿದೆ. ಅವುಗಳ ಪಕ್ಕದಲ್ಲಿ ಇನ್ನೊಂದು ಹೊಸ ಕಟ್ಟಡ ಎಬ್ಬಿಸುವ ಬದಲು, ಕೀಮೋ ಬೆರೆಸುವ ಸುರಕ್ಷಾ ಕ್ಯಾಬಿನೆಟ್, ಔಷಧ ಚೆಲ್ಲಿದರೆ ಬಳಸುವ ಕಿಟ್, ನರ್ಸ್‌ಗಳ ತರಬೇತಿ, ಕೀಮೋ ಹಿಂದಿನ ದಿನವೇ ಆಗಬೇಕಾದ ರಕ್ತಪರೀಕ್ಷೆ, ಇವು ಸರಿಯಾಗಿ ನಡೆಯುವಂತೆ ನೋಡಿಕೊಳ್ಳಿ. ರಕ್ತದ ರಿಪೋರ್ಟ್ ಬರದೆ ಬಂದ ದಾರಿಗೆ ವಾಪಸು ಹೋದ ರೋಗಿ ಮುಂದಿನ ಸುತ್ತಿಗೆ ಬರುವುದು ಅನುಮಾನ.

ಔಷಧದ ವಿಚಾರದಲ್ಲಿ ಚೌಕಾಸಿ ಒಟ್ಟಾಗಿ ಮಾಡಬೇಕು. 2012ರಲ್ಲಿ ಶುರುವಾದ, ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ 40 ಔಷಧಗಳಿಗೆ ಆಸ್ಪತ್ರೆಗಳ ಪರವಾಗಿ ಒಟ್ಟಿಗೆ ದರ ಕುದುರಿಸಿ ಸುಮಾರು 1,320 ಕೋಟಿ ರೂಪಾಯಿ, ಅಂದರೆ ಶೇ. 82ರಷ್ಟು ಉಳಿಸಿತು. ನೀವು ಒಬ್ಬೊಬ್ಬ ರೋಗಿಗೆ ಅಂಗಡಿ ದರದಲ್ಲಿ ಔಷಧ ಕೊಡಿಸುವ ಹಣದಲ್ಲಿ ಹಲವರಿಗೆ ಆಗುತ್ತಿತ್ತು.

ಕಂಪನಿ, ಟ್ರಸ್ಟು, ಸರ್ಕಾರ ಒಂದೇ ಚೌಕಟ್ಟಿನಲ್ಲಿ ಕೆಲಸ ಮಾಡಿದ ಮಾದರಿ ಅಸ್ಸಾಮಿನಲ್ಲಿದೆ. ರಾಜ್ಯ ಸರ್ಕಾರ ಮತ್ತು ಟಾಟಾ ಟ್ರಸ್ಟ್ಸ್ ಸೇರಿ ಕಟ್ಟಿದ ಅಸ್ಸಾಂ ಕ್ಯಾನ್ಸರ್ ಕೇರ್ ಫೌಂಡೇಶನ್, ಒಂದೇ ದೊಡ್ಡ ಆಸ್ಪತ್ರೆಯ ಬದಲು ಮೂರು ಹಂತದ 17 ಕೇಂದ್ರಗಳ ಯೋಜನೆ ಹಾಕಿಕೊಂಡಿತು. ಅವುಗಳಲ್ಲಿ ಏಳು 2022ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದವು. ಕರ್ನಾಟಕದಲ್ಲಿ ಕಿದ್ವಾಯಿ ಸಂಸ್ಥೆಗೆ ಕಲಬುರಗಿಯಲ್ಲಿ ಶಾಖೆಯಿದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಇರುವುದನ್ನು ಜೋಡಿಸುವ ಕೆಲಸಕ್ಕೇ ಹಣ ಬೇಕಾಗಿರುವುದು.

ಈಗ ಒಪ್ಪಂದದ ಕರಡಿಗೆ ಬರೋಣ. ಒಂದು ವರ್ಷದ ಯೋಜನೆಯಲ್ಲಿ ಟ್ರಾಸ್ಟುಜುಮಾಬ್ (ಹರ್-2 ಪಾಸಿಟಿವ್ ಸ್ತನ ಕ್ಯಾನ್ಸರಿನ ಔಷಧ) ಶುರುಮಾಡಿದ ರೋಗಿಗೆ ಮೂರು ವಾರಕ್ಕೊಂದರಂತೆ 17-18 ಸುತ್ತು ಮುಗಿಯುವುದರೊಳಗೆ ಯೋಜನೆಯೇ ಮುಗಿದಿರುತ್ತದೆ. ‘ಮುಂದುವರಿಯುವ ಯೋಜನೆ’ ಎಂದು ಘೋಷಿಸಿದರೆ ಶುರುವಾದ ಹಣಕಾಸು ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷದವರೆಗೆ ಕಾನೂನು ಅವಕಾಶ ಕೊಡುತ್ತದೆ. ಖರ್ಚಾಗದ ಹಣವನ್ನು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿದರಾಯಿತು. ಮಾರ್ಚ್‌ನಲ್ಲಿ ಶಿಬಿರ ಮಾಡಿ ಖಾಲಿ ಮಾಡುವ ಒತ್ತಡ ಬರುವುದು ಈ ಅವಕಾಶ ಬಳಸದೆ ಇರುವುದರಿಂದ. ಯಂತ್ರದಂಥ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ಅದು ಸರ್ಕಾರಿ ಆಸ್ಪತ್ರೆಯದೋ, ಸಿಎಸ್‌ಆರ್ ನೋಂದಣಿ ಸಂಖ್ಯೆ ಇರುವ ಟ್ರಸ್ಟಿನದೋ, ಕೆಟ್ಟರೆ ರಿಪೇರಿ ಯಾರ ಜವಾಬ್ದಾರಿ, ಎಷ್ಟು ದಿನದಲ್ಲಿ ಎಂಬುದನ್ನು ಮೊದಲ ದಿನವೇ ಬರೆದುಕೊಳ್ಳಿ.

ಅಳತೆಗೋಲು ಹುಡುಕುವ ತೊಂದರೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಸ್ತನ ಕ್ಯಾನ್ಸರಿಗೆ ಕೊಟ್ಟಿರುವ 60-60-80 ಸಾಕು: ಶೇ. 60 ರೋಗಿಗಳು ಒಂದು-ಎರಡನೇ ಹಂತದಲ್ಲೇ ಪತ್ತೆಯಾಗಬೇಕು, ಮೊದಲ ಸಲ ತೋರಿಸಿದ 60 ದಿನದೊಳಗೆ ರೋಗನಿರ್ಣಯ ಮುಗಿಯಬೇಕು, ಶೇ. 80 ಮಂದಿ ಚಿಕಿತ್ಸೆ ಪೂರೈಸಬೇಕು. ಈ ಮೂರೂ ಅಂಕಿಗಳನ್ನು ತಾಲ್ಲೂಕು, ರೇಷನ್ ಕಾರ್ಡು, ಜಾತಿ ವರ್ಗದ ಪ್ರಕಾರ ಬಿಡಿಸಿ ಕೇಳಿ. ಸರಾಸರಿ ಮಾತ್ರ ಕೇಳಿದರೆ ಜಿಲ್ಲಾ ಕೇಂದ್ರದವರ ಫಲಿತಾಂಶ ಸುಧಾರಿಸಿ, ಗಡಿ ತಾಲ್ಲೂಕಿನದು ಇದ್ದಲ್ಲೇ ಇದ್ದರೂ ಯೋಜನೆ ‘ಯಶಸ್ವಿ’ ಎನಿಸಿಕೊಳ್ಳುತ್ತದೆ. ಮೊದಲ ಆರು ತಿಂಗಳು ಈಗಿನ ಸ್ಥಿತಿಯನ್ನು ದಾಖಲಿಸಲಿಕ್ಕೇ ಮೀಸಲಿಡಿ. ಎರಡನೇ ವರ್ಷ ಮುಂದುವರಿದ ಹಂತದ ರೋಗಿಗಳ ಸಂಖ್ಯೆ ಏರಬಹುದು, ಮನೆಯಲ್ಲೇ ನರಳುತ್ತಿದ್ದವರು ಹೊರಬಂದದ್ದರಿಂದ. ಅದನ್ನು ನೋಡಿ ಹಣ ನಿಲ್ಲಿಸಬೇಡಿ.

ಅಂಥವರಿಗಾಗಿ ನೋವು ನಿವಾರಣೆಯೂ ಒಪ್ಪಂದದಲ್ಲಿರಲಿ. 2014ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆ ತೀವ್ರ ನೋವಿಗೆ ಕೊಡುವ ಮಾರ್ಫಿನ್ ಇಟ್ಟುಕೊಳ್ಳುವುದು ಮೊದಲಿನಷ್ಟು ಕಷ್ಟವಲ್ಲ. ಬೇಕಾದದ್ದು ತರಬೇತಾದ ವೈದ್ಯರು ಮತ್ತು ಸರಿಯಾದ ದಾಸ್ತಾನು ಪುಸ್ತಕ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ಮಾಡುವ ಆರೈಕೆ ಜಿಲ್ಲೆಗಳಲ್ಲಿ ಎಲ್ಲಿದೆ ಎಂದು ಕೇಳಿನೋಡಿ.

ಸೇವಾ ಸಂಸ್ಥೆಗಳ ಮುಖ್ಯಸ್ಥರೇ, ನಿಮಗೂ ಒಂದು ಮಾತು. ಹಣ ಕೊಟ್ಟವರು ಕೇಳಿದರೆಂದು ರೋಗಿಯ ಹೆಸರು, ಫೋಟೊ, ರಿಪೋರ್ಟ್ ಕಳಿಸಬೇಡಿ. ಸ್ತನ ತೆಗೆಸಿಕೊಂಡ ಮಹಿಳೆಯನ್ನು ವೇದಿಕೆಗೆ ಕರೆದು ಚೆಕ್ ಕೊಡಿಸುವ ಪದ್ಧತಿ ನಿಲ್ಲಲಿ. ತಂಬಾಕಿನ ದುಡ್ಡು ಮುಟ್ಟಬೇಡಿ. ಶಿಬಿರದಿಂದ ಒಂದೇ ಖಾಸಗಿ ಆಸ್ಪತ್ರೆಗೆ ರೋಗಿಗಳು ಹೋಗುತ್ತಿದ್ದರೆ, ಆ ಆಸ್ಪತ್ರೆಯೇ ಶಿಬಿರದ ಪ್ರಾಯೋಜಕ ಆಗಿದ್ದರೆ, ಅದನ್ನು ವರದಿಯಲ್ಲಿ ಬರೆಯಿರಿ.

ಮುಂದಿನ ಹಣಕಾಸು ವರ್ಷದ ಪ್ರಸ್ತಾವನೆಗಳನ್ನು ಏಪ್ರಿಲ್-ಮೇ ತಿಂಗಳಲ್ಲೇ ಕರೆಯಿರಿ. ಒಂದು ಜಿಲ್ಲೆ ಆರಿಸಿಕೊಳ್ಳಿ. ಜಿಲ್ಲಾ ಸರ್ವೇಕ್ಷಣಾಧಿಕಾರಿ, ಜಿಲ್ಲಾ ಆಸ್ಪತ್ರೆಯ ಪೆಥಾಲಜಿ ಮುಖ್ಯಸ್ಥರು, ಹತ್ತಿರದ ವಿಕಿರಣ ಕೇಂದ್ರದವರು, ಚಿಕಿತ್ಸೆ ಮುಗಿಸಿದ ಇಬ್ಬರು ರೋಗಿಗಳು, ಇವರನ್ನು ಕೂರಿಸಿ ಕರಡು ಓದಿ. ಆ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಹೋದ ವರ್ಷ ಈ ಜಿಲ್ಲೆಯ ಶಿಬಿರಗಳಲ್ಲಿ ಅನುಮಾನ ಬಂದವರ ಪಟ್ಟಿ ಯಾರ ಹತ್ತಿರ ಇದೆ?

ಇಂತಿ ತಮ್ಮ ವಿಶ್ವಾಸಿಗಳು,
ಕ್ಯಾನ್ಸರ್ ಚಿಕಿತ್ಸೆಯ ಬೇರೆ ಬೇರೆ ವಿಭಾಗಗಳಲ್ಲಿ ದುಡಿಯುವ ಕೆಲವರು